ತಲೆ ಎತ್ತಿ ನೋಡುವ ಮೊದಲು

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ನಿಂತು ಕಡಲಿನತ್ತ ನೋಡಿದರೆ ಕೂರ್ಮಗಡ ನಡುಗಡ್ಡೆ ಕಾಣುತ್ತೆ. 2019ರ ಜನವರಿ 21ರಂದು ಅಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆಯ ಜನರನ್ನು ಹೊತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅದು ಮಳೆಗಾಲವೇನಲ್ಲ. ದೋಣಿಗೆ ಹತ್ತಿದವರೇ ಹೆಚ್ಚಾಗಿದ್ದರು.

ಡ್ರೋನ್ ಶೋ ಬಗ್ಗೆ ಬರೆಯೋಕೆ ಕೂತವನಿಗೆ ಈ ದೋಣಿ ಯಾಕೆ ನೆನಪಾಯ್ತು? ಹೇಳ್ತೀನಿ.

2022ರ ಜನವರಿ 29ರಂದು ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ 1000 ಡ್ರೋನ್‌ಗಳು ಒಟ್ಟಿಗೆ ಹಾರಿದವು. 2024ರ ಮೈಸೂರು ದಸರಾದಲ್ಲಿ, ಬನ್ನಿಮಂಟಪದ ಮೇಲೆ 1500. ಈಗ ಯಾವ ಊರಿನ ಉತ್ಸವಕ್ಕೂ ಇದು ಬೇಕು. ಬೇಕು ಅನ್ನೋದಕ್ಕೆ ಕಾರಣವೂ ಇದೆ. ಅದೇ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ, ತೆಯ್ಯಂ ನಡೆಯುವಾಗ ಪಟಾಕಿ ದಾಸ್ತಾನಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನ ಗಾಯಗೊಂಡರು. ಅದರ ಮುಂದೆ ಡ್ರೋನ್ ಸಾಧುಪ್ರಾಣಿ: ಹೊಗೆಯಿಲ್ಲ, ಮದ್ದಿಲ್ಲ.

ಆದರೆ ಎರಡು ತಿಂಗಳೂ ಕಳೆಯಲಿಲ್ಲ. ಡಿಸೆಂಬರ್ 21ರಂದು ಅಮೆರಿಕದ ಒರ್ಲಾಂಡೊದಲ್ಲಿ, ಕೆರೆಯ ಮೇಲೆ ನಡೆದ ಕ್ರಿಸ್‌ಮಸ್ ಶೋನಲ್ಲಿ ಡ್ರೋನ್‌ಗಳು ಒಂದಕ್ಕೊಂದು ಡಿಕ್ಕಿಯಾಗಿ ಬಿದ್ದವು. ಒಂದು ಬಂದು ಏಳು ವರ್ಷದ ಹುಡುಗನ ಎದೆಗೆ ಬಡಿಯಿತು. ಹೃದಯದ ಆಪರೇಷನ್ ಮಾಡಬೇಕಾಯ್ತು. ತನಿಖೆಯ ಪ್ರಾಥಮಿಕ ವರದಿ ಹೇಳಿದ್ದು ಇಷ್ಟು: ಶೋನ ಜೋಡಣೆ 7 ಡಿಗ್ರಿ ತಿರುಗಿತ್ತು, ಕೊನೆಯ ಫೈಲ್ ಡ್ರೋನ್‌ಗಳಿಗೆ ಸರಿಯಾಗಿ ತಲುಪಿರಲಿಲ್ಲ. ಸಾಫ್ಟ್‌ವೇರ್‌ನಲ್ಲಿರುವ ನಿಮಗೆ ಇದು ಹೊಸದಲ್ಲ. ರಿಲೀಸ್ ದಿನ ಹಳೇ ಕಾನ್ಫಿಗ್ ಉಳಿದುಬಿಡೋದು ನಾವೆಲ್ಲ ನೋಡಿರೋದೇ. ಇಲ್ಲಿ ಮಾತ್ರ ಅದರ ಕೆಳಗೆ ಮಗು ನಿಂತಿತ್ತು.

ಹಾಗಾಗಿ ಮೊದಲು ಅಳೆಯಬೇಕಾದದ್ದು ಡ್ರೋನಿನ ಸಂಖ್ಯೆಯಲ್ಲ, ಜನರಿಂದ ಅದಕ್ಕಿರೋ ದೂರ. ಎತ್ತರ, ವೇಗ, ಗಾಳಿ ಹೆಚ್ಚಿದಷ್ಟೂ ಆ ದೂರವೂ ಹೆಚ್ಚಬೇಕು. ಕಾರವಾರದಲ್ಲಿ ಕಡಲಗಾಳಿ ಇದೆ. ಜೊತೆಗೆ ಕದಂಬ ನೌಕಾನೆಲೆಯೂ ಇದೆ. ನೌಕಾನೆಲೆಗಳ ಸುತ್ತ 3 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ ಅಂತ 2021ರಲ್ಲೇ ನೌಕಾಪಡೆ ಹೇಳಿದೆ.

‘ನೀರಿನ ಮೇಲೆ ಹಾರಿಸಿದ್ರಾಯ್ತಪ್ಪ, ಬಿದ್ರೂ ನೀರಿಗೇ ಬೀಳುತ್ತೆ’ ಅನ್ನಬಹುದು. ಸರಿಯೇ. ಆದರೆ ಹತ್ತಿರದಿಂದ ನೋಡಬೇಕು ಅಂತ ದೋಣಿ ಹತ್ತುವವರು? ರಾತ್ರಿ, ಎಲ್ಲರೂ ಒಂದೇ ಬದಿಗೆ ವಾಲಿ, ಕೈಯಲ್ಲಿ ಮೊಬೈಲ್ ಹಿಡಿದು. ಕೂರ್ಮಗಡ ನೆನಪಾಗಿದ್ದು ಇದಕ್ಕೇ.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲೂ ಡ್ರೋನ್ ಹಾರಿತ್ತು. 2024ರ ಜುಲೈ 16ರಂದು ಗುಡ್ಡ ಕುಸಿದ ಮೇಲೆ, ಮಣ್ಣು–ನೀರಿನ ಅಡಿ ಕಾಣೆಯಾದ ಲಾರಿಯನ್ನು ಹುಡುಕೋಕೆ. ಗಂಗಾವಳಿ ನದಿಯಿಂದ ಲಾರಿ ಮೇಲೆ ಬಂದಾಗ ಸೆಪ್ಟೆಂಬರ್ 25. ಯಂತ್ರ ಬಂತು, ಆದರೆ ಎಲ್ಲ ಮುಗಿದ ಮೇಲೆ ಬಂತು. ಗುಡ್ಡದ ಬುಡದಲ್ಲಿ ಯಾರು ಇರಬಹುದು, ದೋಣಿಗೆ ಎಷ್ಟು ಜನ ಹತ್ತಬಹುದು ಅಂತ ಮೊದಲೇ ಲೆಕ್ಕ ಹಾಕೋಕೆ ಯಂತ್ರ ಬೇಕಾಗಿರಲಿಲ್ಲ.

ಟ್ಯಾಗೋರ್ ಬೀಚಿನಲ್ಲಿ ಡ್ರೋನ್ ಶೋ ಆದರೆ ನಾನೂ ಖಂಡಿತ ಬರ್ತೀನಿ. ಹಗ್ಗ ಕಟ್ಟಿದ ಈಚೆ, ಮರಳಿನ ಮೇಲೆ ಕೂತು ನೋಡ್ತೀನಿ. ದೋಣಿ ಮಾತ್ರ ಹತ್ತಲ್ಲ.