ತುಳುನಾಡಿನ ಮೂರ್ತೆಯ ಪರವಾನಗಿಯೂ ರಾಜಾದಾಯವೂ

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ತಾಳೆ, ಬೈನೆ, ತೆಂಗುಗಳಿಂದ ಕಳ್ಳನ್ನಿಳಿಸುವ ಮೂರ್ತೆಯು ಬಹುಮಟ್ಟಿಗೆ ಬಿಲ್ಲವರ ಕುಲವೃತ್ತಿಯಾಗಿದ್ದಿತು. ಮದರಾಸು ಪ್ರಾಂತದಲ್ಲಿ 1886ರ ಅಬಕಾರಿ ಶಾಸನವು ಈ ವೃತ್ತಿಯನ್ನು ಪರವಾನಗಿಗೊಳಪಡಿಸಿತು. ಅಬಕಾರಿಯ ಆದಾಯವು ಬೊಕ್ಕಸದ ಮುಖ್ಯಾಧಾರಗಳಲ್ಲೊಂದಾಗಿದ್ದಿತು. 1937ರಲ್ಲಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನಾರಂಭಿಸಿದಾಗಲೇ ಈ ನಿಯಮಪರಿವರ್ತನೆಯ ವೆಚ್ಚವು ಗೋಚರಿಸಿತು. ನಷ್ಟಪೂರಣಾರ್ಥವಾಗಿ 1939ರಲ್ಲಿ ಮಾರಾಟ ತೆರಿಗೆಯು ಹುಟ್ಟಿತು. 1948ರ ಅಕ್ಟೋಬರ್ 2ರಂದು ನಿರೋಧವು ಪ್ರಾಂತವನ್ನೆಲ್ಲ ವ್ಯಾಪಿಸಲು, ದಕ್ಷಿಣ ಕನ್ನಡದ ಕಳ್ಳಿನ ಮೂರ್ತೆಯೂ ಶಾಸನತಃ ನಿಂತಿತು. ಸರಕಾರಕ್ಕೆ ಆದಾಯಲೋಪವೊಂದು, ಕಳ್ಳಭಟ್ಟಿಯ ಕಾವಲಿನ ವೆಚ್ಚವೊಂದು, ಹೀಗೆ ಇಮ್ಮಡಿ ಹಾನಿ. ಆದರೆ ಬೊಕ್ಕಸದ ಕೊರತೆಯನ್ನು ವರ್ತಕನ ವಹಿವಾಟಿನಿಂದ ತುಂಬಿಸಲು ಯತ್ನಿಸಬಹುದಾಗಿತ್ತು. ವೃತ್ತಿಹೀನನಾದ ಮೂರ್ತೆದಾರನಿಗೆ ವಿಧಿಸಲು ತೆರಿಗೆಯೊಂದಿಲ್ಲ. ಆದುದರಿಂದ ಪರವಾನಗಿಯ ರದ್ದತಿಯನ್ನು ಬೊಕ್ಕಸದ ಲೆಕ್ಕದಿಂದಲೇ ಅಳೆಯುವ ಇತಿಹಾಸವು ಅಸಮಗ್ರವೆನಿಸುವುದು.