ಎರಡು ಶಿಲಿಂಗ್ ಎಂಟು ಪೆನ್ಸ್

ಬೇಸಿಗೆ ಬಂತೆಂದರೆ ನಮ್ಮ ಆಫೀಸಿನಲ್ಲಿ ಅಪ್ರೈಸಲ್ ಗಲಾಟೆ. ಅದೇ ಹೊತ್ತಿಗೆ ಊರಿಂದ ಅಕ್ಕನ ಫೋನ್ ಬರುತ್ತೆ. ಅವಳು ಹೈಸ್ಕೂಲಿನಲ್ಲಿ ಗಣಿತ ಟೀಚರ್. "ನಿಂದು ರೇಟಿಂಗು, ನಂದು ಎಸ್ಸೆಸ್ಸೆಲ್ಸಿ ರಿಸಲ್ಟು" ಅಂತ ಪ್ರತಿ ವರ್ಷ ನಗುತ್ತಿದ್ದವಳು ಈ ಸಲ ನಗಲಿಲ್ಲ. ಅವಳ ವಿಷಯದಲ್ಲಿ ಫಲಿತಾಂಶ ಕಡಿಮೆಯಾಗಿ, ಕಾರಣ ಕೇಳಿ ನೋಟಿಸ್ ಬಂದಿತ್ತು.

"ಎಂಟನೇ ಕ್ಲಾಸಿಗೆ ಬಂದಾಗ ಭಾಗಾಕಾರವೇ ಬರದಿದ್ದ ಹುಡುಗ ಈಗ ಸಮೀಕರಣದವರೆಗೂ ಬಂದಿದಾನೆ ಕಣೋ. ಆದ್ರೆ ಪರೀಕ್ಷೇಲಿ ಫೇಲು. ಅವನು ನಡೆದು ಬಂದ ದಾರೀನ ಯಾವ ಕಾಲಂನಲ್ಲಿ ಬರೀಲಿ?"

ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಈ ಪ್ರಶ್ನೆ ನೂರಾ ಅರವತ್ತು ವರ್ಷಕ್ಕಿಂತ ಹಳೆಯದು ಅನ್ನೋದು ಆಮೇಲೆ ಓದುತ್ತಾ ಗೊತ್ತಾಯಿತು.

1862. ಇಂಗ್ಲೆಂಡಿನಲ್ಲಿ ಬಡವರ ಮಕ್ಕಳು ಓದುವ ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದ ಅನುದಾನ ಏರುತ್ತಲೇ ಇತ್ತು. ಹಿರಿಯ ಮಕ್ಕಳಿಗಷ್ಟೇ ಚೆನ್ನಾಗಿ ಕಲಿಸುತ್ತಾರೆ, ಚಿಕ್ಕವರನ್ನು ಕೇಳುವವರಿಲ್ಲ ಅಂತ ನ್ಯೂಕ್ಯಾಸಲ್ ಆಯೋಗ ವರದಿ ಕೊಟ್ಟಿತ್ತು. ಆ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಶಿಕ್ಷಣ ಖಾತೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಲೋ ಇದಕ್ಕೊಂದು ಸೂತ್ರ ಕಂಡುಹಿಡಿದರು. ಹೊಸ ವ್ಯವಸ್ಥೆ ಅಗ್ಗವಾಗದಿದ್ದರೆ ದಕ್ಷವಾಗಿರುತ್ತೆ, ದಕ್ಷವಾಗದಿದ್ದರೆ ಅಗ್ಗವಾಗಿರುತ್ತೆ ಎಂಬುದು ಪಾರ್ಲಿಮೆಂಟಿನಲ್ಲಿ ಅವರ ವಾದ. ನಮ್ಮ ಮ್ಯಾನೇಜರುಗಳು ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು!

ಸೂತ್ರ ಹೀಗಿತ್ತು. ಹಾಜರಾತಿಗೆ ತಲೆಗೆ ನಾಲ್ಕು ಶಿಲಿಂಗ್. ಆರು ವರ್ಷ ದಾಟಿದ ಮಗುವಿಗೆ ಇನ್ನೂ ಎಂಟು ಶಿಲಿಂಗ್. ಆದರೆ ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಿದಾಗ ಓದು, ಬರಹ, ಲೆಕ್ಕ, ಈ ಮೂರರಲ್ಲಿ ಯಾವುದರಲ್ಲಿ ಫೇಲಾದರೂ ಪ್ರತಿಯೊಂದಕ್ಕೆ ಎರಡು ಶಿಲಿಂಗ್ ಎಂಟು ಪೆನ್ಸ್ ಕಡಿತ. ಮೇಷ್ಟ್ರ ಸಂಬಳ ಈ ಹಣಕ್ಕೆ ಅಂಟಿಕೊಂಡಿತು. ಮಕ್ಕಳನ್ನು ಆರು 'ಸ್ಟ್ಯಾಂಡರ್ಡ್'ಗಳಾಗಿ ವಿಂಗಡಿಸಿದ್ದೂ ಇದೇ ನಿಯಮ. "ಎಷ್ಟನೇ ಸ್ಟ್ಯಾಂಡರ್ಡು ಮರಿ?" ಅಂತ ನಾವು ಈಗಲೂ ಕೇಳ್ತೀವಲ್ಲ, ಅದೇ ಪದ.

ಆಮೇಲೆ ಏನಾಯಿತು ಅಂತ ಊಹಿಸುವುದು ಕಷ್ಟವಲ್ಲ. ಹಣ ತರದ ಇತಿಹಾಸ, ಭೂಗೋಳ ಮೂಲೆ ಸೇರಿದವು. ಪಠ್ಯಪುಸ್ತಕವನ್ನು ಮಕ್ಕಳು ಪೂರ್ತಿ ಬಾಯಿಪಾಠ ಮಾಡಿದರು. ಕಾಯಿಲೆ ಬಿದ್ದ ಮಕ್ಕಳನ್ನೂ ಪರೀಕ್ಷೆಯ ದಿನ ಶಾಲೆಗೆ ತಂದು ಕೂರಿಸಿದರು. ಕವಿ ಮ್ಯಾಥ್ಯೂ ಆರ್ನಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಕಲಿಕೆ ಯಾಂತ್ರಿಕವಾಗುತ್ತಿದೆ ಅಂತ ಅವರು ತಮ್ಮ ವರದಿಗಳಲ್ಲಿ ಬರೆಯುತ್ತಲೇ ಹೋದರು. ಈ ಪದ್ಧತಿ ಪೂರ್ತಿ ತೊಲಗಿದ್ದು 1890ರ ದಶಕದಲ್ಲಿ.

ಅಷ್ಟರಲ್ಲಿ ಇದು ಹಡಗು ಹತ್ತಿ ನಮ್ಮಲ್ಲಿಗೂ ಬಂದಿತ್ತು. 1860ರ ದಶಕದಲ್ಲೇ ಬೊಂಬಾಯಿ ಮತ್ತು ಮದ್ರಾಸ್ ಪ್ರಾಂತ್ಯಗಳು ಫಲಿತಾಂಶ ನೋಡಿ ಅನುದಾನ ಕೊಡಲು ಶುರುಮಾಡಿದವು. ಆಗ ಧಾರವಾಡ ಬೊಂಬಾಯಿಗೆ ಸೇರಿತ್ತು, ಮಂಗಳೂರು ಮತ್ತು ಬಳ್ಳಾರಿ ಮದ್ರಾಸಿಗೆ. 1882ರ ಹಂಟರ್ ಆಯೋಗವೂ ದೇಶಿ ಶಾಲೆಗಳಿಗೆ ಇದೇ ದಾರಿ ತೋರಿಸಿತು. ಕೊನೆಗೆ ಕರ್ಜನ್ ಕಾಲದ 1904ರ ಶಿಕ್ಷಣ ನೀತಿ ಇದನ್ನು ಕೈಬಿಟ್ಟಿತು.

ಮುಗೀತು ಅಂದ್ಕೊಂಡ್ರಾ? ಇಲ್ಲ. 2002ರಲ್ಲಿ ಅಮೆರಿಕ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ತಂದು ಶಾಲೆಗಳ ಹಣೆಬರಹವನ್ನು ಟೆಸ್ಟ್ ಅಂಕಗಳಿಗೆ ಕಟ್ಟಿತು. ಆಮೇಲೆ ಒಬಾಮಾ ಕಾಲದ 'ರೇಸ್ ಟು ದ ಟಾಪ್' ಶಿಕ್ಷಕರ ಮೌಲ್ಯಮಾಪನಕ್ಕೂ ಅಂಕ ಸೇರಿಸಲು ರಾಜ್ಯಗಳನ್ನು ಹುರಿದುಂಬಿಸಿತು. ಅಟ್ಲಾಂಟಾದಲ್ಲಿ ಶಿಕ್ಷಕರೇ ಮಕ್ಕಳ ಉತ್ತರ ತಿದ್ದಿದ್ದು ಬೆಳಕಿಗೆ ಬಂತು. 44 ಶಾಲೆಗಳ 178 ಮಂದಿಯ ಹೆಸರು 2011ರ ತನಿಖಾ ವರದಿಯಲ್ಲಿತ್ತು. 2015ರಲ್ಲಿ 11 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಮಕ್ಕಳ ಅಂಕಗಳ ಏರುಪೇರಿನಲ್ಲಿ ಶಿಕ್ಷಕರ ಪಾಲು ಹೆಚ್ಚಿನ ಅಧ್ಯಯನಗಳಲ್ಲಿ ಶೇ. 1ರಿಂದ 14 ಮಾತ್ರ ಅಂತ 2014ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ ಹೇಳಿತು. ಮಿಕ್ಕಿದ್ದರಲ್ಲಿ ಮನೆ, ಬಡತನ, ಶಾಲೆಯ ಸ್ಥಿತಿ, ಇನ್ನೂ ಏನೇನೋ ಸೇರಿರುತ್ತೆ.

ಅಳೆಯುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಳತೆ ಮಾಡದೆ ನಮ್ಮ ಕೋಡೂ ಓಡಲ್ಲ. ಯಾವ ಮಗುವಿಗೆ ಏನು ಬರ್ತಿಲ್ಲ ಅಂತ ತಿಳಿಯೋಕೆ ಪರೀಕ್ಷೆ ಬೇಕೇ ಬೇಕು. ಆದರೆ ಅದೇ ಅಂಕವನ್ನು ಮೇಷ್ಟ್ರ ತಟ್ಟೆಯ ಅನ್ನಕ್ಕೆ ಕಟ್ಟಿದ ದಿನ ಅದು ಮಗುವಿನ ಬಗ್ಗೆ ನಿಜ ಹೇಳುವುದನ್ನು ನಿಲ್ಲಿಸುತ್ತೆ. ದಡ್ಡ ಅನ್ನಿಸಿಕೊಂಡ ಹುಡುಗ ಆಗ ಕಲಿಸಬೇಕಾದ ಮಗುವಾಗಿ ಕಾಣಲ್ಲ, ಎರಡು ಶಿಲಿಂಗ್ ಎಂಟು ಪೆನ್ಸ್ ನಷ್ಟವಾಗಿ ಕಾಣ್ತಾನೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ಇಂಗ್ಲೆಂಡಲ್ಲಿ ಅದು ನಿಲ್ಲೋಕೆ ಎಷ್ಟು ವರ್ಷ ಹಿಡೀತು?" ಅಂದಳು.

"ಹೆಚ್ಚುಕಮ್ಮಿ ಮೂವತ್ತು."

"ನಂಗೆ ಸರ್ವಿಸ್ ಉಳಿದಿರೋದೇ ಹದಿನೆಂಟು" ಅಂದು ಈಗ ನಕ್ಕಳು. ಮಾರನೇ ದಿನದಿಂದ ಆ ಹುಡುಗನನ್ನ ಮನೆಗೆ ಕರೆಸಿಕೊಂಡು ಮರುಪರೀಕ್ಷೆಗೆ ಲೆಕ್ಕ ಹೇಳಿಕೊಡ್ತಿದಾಳೆ. ನೋಟಿಸಿಗೆ ಉತ್ತರ ಇನ್ನೂ ಬರೆದಿಲ್ಲ.