ಬೀಗದ ಕೈ ಯಾರ ಬಳಿ ಇದೆ? ಅತುಲ್ ಚಿಟ್ನಿಸ್ ಅವರನ್ನು ನೆನೆಯುತ್ತ

ಪರ್ತ್, ಅಡಿಲೇಡ್‌ಗಳಿಂದ ವಿಮಾನ ಹತ್ತಿ ಬಂದವರಿಗೂ, ಬ್ರಿಸ್ಬೇನ್‌ನ ಬೇರೆ ಬೇರೆ ಬಡಾವಣೆಗಳಿಂದ ಬೀನ್ಲೀ ರೈಲು ಹಿಡಿದು ಈ ರನ್‌ಕಾರ್ನ್‌ಗೆ ಬಂದವರಿಗೂ ನಮಸ್ಕಾರ. ಪ್ರಧಾನ ಭಾಷಣಕ್ಕೆ ಸಾಹಿತಿಗಳನ್ನೋ ಕಲಾವಿದರನ್ನೋ ಕರೆಯುವುದು ವಾಡಿಕೆ. ಈ ಸಲ ಲೆಕ್ಕ ಬರೆಯುವವನನ್ನು ತಂದು ನಿಲ್ಲಿಸಿದ್ದೀರಿ. ಹಾಗಾಗಿ ನಾನು ಮಾತನಾಡುವುದೂ ಒಂದು ಲೆಕ್ಕದ ಬಗ್ಗೆಯೇ: ಯಾವ ಪುಸ್ತಕದಲ್ಲೂ ದಾಖಲಾಗದೆ ಉಳಿದ ಒಬ್ಬ ಮನುಷ್ಯನ ದುಡಿಮೆಯ ಲೆಕ್ಕ.

ಇಲ್ಲಿ ಕುಳಿತಿರುವವರಲ್ಲಿ ಬಹುಪಾಲು ಜನ ತಂತ್ರಾಂಶದ ಅನ್ನ ಉಣ್ಣುವವರು. ನಿಮ್ಮ ಕಚೇರಿಯ ಸರ್ವರ್‌ಗಳಲ್ಲಿ, ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಇದೆ. ಅದು ಭಾರತದ ಸಾಮಾನ್ಯ ವಿದ್ಯಾರ್ಥಿಗಳ ಮನೆಗೆ ಮೊದಲು ಬಂದದ್ದು ಹೇಗೆ ಎಂದು ಕೇಳಿದರೆ, ಉತ್ತರದಲ್ಲಿ ಅತುಲ್ ಚಿಟ್ನಿಸ್ ಅವರ ಹೆಸರು ಬಂದೇ ಬರುತ್ತದೆ.

ಅತುಲ್ ಹುಟ್ಟಿದ್ದು 1962ರಲ್ಲಿ, ಜರ್ಮನಿಯ ಬರ್ಲಿನ್‌ನಲ್ಲಿ. ಎಂಜಿನಿಯರಿಂಗ್ ಓದಿದ್ದು ಬೆಳಗಾವಿಯಲ್ಲಿ, ಬದುಕು ಕಟ್ಟಿಕೊಂಡದ್ದು ಬೆಂಗಳೂರಿನಲ್ಲಿ. 1989ರಲ್ಲಿ ಅವರು ಸಿಕ್ಸ್ ಎಂಬ ಬುಲೆಟಿನ್ ಬೋರ್ಡ್ ಆರಂಭಿಸಿದರು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲು, ಮೋಡೆಮ್ ಮೂಲಕ ಫೋನ್ ಮಾಡಿ ಒಂದು ಕಂಪ್ಯೂಟರಿಗೆ ಸೇರಿಕೊಂಡು ಅಪರಿಚಿತರು ಪತ್ರ ಬರೆದುಕೊಳ್ಳುವ, ಪ್ರಶ್ನೆ ಕೇಳುವ ಜಾಗ ಅದು. ಒಂದು ರೀತಿಯಲ್ಲಿ ನಮ್ಮೂರಿನ ಅರಳಿಕಟ್ಟೆ.

1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಓದುಗರಿಗೆ ಲಿನಕ್ಸ್ ಇದ್ದ ಸಿಡಿಯನ್ನು ಸಂಚಿಕೆಯ ಜೊತೆಗೇ ಕೊಟ್ಟಿತು. ಆ ಯೋಜನೆಯ ಹಿಂದಿದ್ದವರು ಅತುಲ್. ಇದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ನನ್ನದೊಂದು ಲೆಕ್ಕ ಕೇಳಿ. ಒಂದು ಸಿಡಿಯಲ್ಲಿ ಹಿಡಿಸುವುದು ಸುಮಾರು 650 ಮೆಗಾಬೈಟ್. ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಅಷ್ಟನ್ನು ಇಳಿಸಿಕೊಳ್ಳಲು ಆರು ದಿನಕ್ಕೂ ಹೆಚ್ಚು ಬೇಕು. ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ, ಕರೆಂಟು ಒಮ್ಮೆಯೂ ಹೋಗದಿದ್ದರೆ. ಮುಕ್ತ ತಂತ್ರಾಂಶ ಪುಕ್ಕಟೆಯೇ ಇದ್ದರೂ ನಮ್ಮ ಹುಡುಗರ ಕೈಗೆ ಎಟುಕುತ್ತಿರಲಿಲ್ಲ. ಪತ್ರಿಕೆಯ ಬೆಲೆಗೆ ಅದನ್ನು ಮೇಜಿನ ಮೇಲೆ ತಂದಿಟ್ಟದ್ದು ಆ ಸಿಡಿ. ನನ್ನ ಸೋದರಮಾವನ ಮಗ ಅಂಥ ಒಂದು ಸಿಡಿಯನ್ನು ದೇವರ ಪಟದ ಪಕ್ಕದಲ್ಲೇ ಇಟ್ಟುಕೊಂಡಿದ್ದ. ಇವತ್ತು ಅವನ ಮನೆ ನಡೆಯುತ್ತಿರುವುದು ಅದರಿಂದ ಕಲಿತ ವಿದ್ಯೆಯಿಂದ.

2001ರಲ್ಲಿ ಅತುಲ್ ಮತ್ತು ಸಂಗಡಿಗರು ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಆರಂಭಿಸಿದರು. 2005ರಲ್ಲಿ ಅದಕ್ಕೆ ಫಾಸ್ ಡಾಟ್ ಇನ್ ಎಂಬ ಹೆಸರಾಯಿತು. ನಾನು ಆಗ ಬಸವನಗುಡಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಹುಡುಗ. ರೂಮ್‌ಮೇಟ್ ಒಂದು ವರ್ಷ ನನ್ನನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣಕ್ಕೆ ಎಳೆದುಕೊಂಡು ಹೋದ. ಭಾಷಣಗಳು ಒಂದಕ್ಷರ ಅರ್ಥವಾಗಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ವೈರು ಎಳೆಯುವವರು, ಬ್ಯಾಡ್ಜ್ ಹಂಚುವವರು, ಅತಿಥಿಗಳಿಗೆ ದಾರಿ ತೋರಿಸುವವರು, ಎಲ್ಲರೂ ಸ್ವಯಂಸೇವಕರು. ಸಂಬಳದ ಪಟ್ಟಿಯೇ ಇಲ್ಲದೆ ಇಷ್ಟು ಶಿಸ್ತಾಗಿ ನಡೆಯುವ ಕೆಲಸವನ್ನು ನಾನು ಅಲ್ಲಿಯವರೆಗೆ ನಮ್ಮೂರ ಜಾತ್ರೆಯಲ್ಲಿ ಮಾತ್ರ ನೋಡಿದ್ದೆ.

ಅತುಲ್ ಅವರ ಮಾತು ನೇರ, ಕೆಲವೊಮ್ಮೆ ಖಾರ. ಎಲ್ಲರಿಗೂ ಅದು ಹಿಡಿಸುತ್ತಿರಲಿಲ್ಲ. ಬರೀ ಬಳಸುವವರಾಗಿ ಉಳಿಯಬೇಡಿ, ಏನಾದರೂ ಕೊಡುವವರಾಗಿ ಎಂಬುದು ಅವರ ಪಟ್ಟು. ಬಂದು ಕೇಳಿ ಹೋಗುವ ಸಮ್ಮೇಳನವನ್ನು, ಕುಳಿತು ಕೆಲಸ ಮಾಡುವ ಸಮ್ಮೇಳನವನ್ನಾಗಿ ಅವರು ಬದಲಿಸಲು ಹೊರಟಾಗ ಬೇಸರಪಟ್ಟವರೂ ಇದ್ದರು. ಆದರೆ ಆ ಪಟ್ಟು ಇಲ್ಲದಿದ್ದರೆ ಅಲ್ಲಿಂದ ಹೊರಟ ಎಷ್ಟೋ ಹುಡುಗರು ಇವತ್ತಿಗೂ ಬಳಕೆದಾರರಾಗಿಯೇ ಉಳಿಯುತ್ತಿದ್ದರು.

2012ರಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಆ ವರ್ಷದ ಕೊನೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಭಾಭವನದಲ್ಲಿ ಫಾಸ್ ಡಾಟ್ ಇನ್ ನಡೆಯಿತು. 2013ರ ಜೂನ್ 3ರಂದು ಅತುಲ್ ತೀರಿಕೊಂಡರು. ವಯಸ್ಸು 51. 2012ರ ಸಮ್ಮೇಳನವೇ ಕೊನೆಯದಾಯಿತು.

ಈ ಕೊನೆಯ ವಾಕ್ಯ ನನ್ನನ್ನು ಬಹಳ ದಿನ ಕಾಡಿದೆ. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಕಥೆ ನಾವಿರುವ ಈ ದೇಶದ್ದು.

1999ರಲ್ಲಿ ರಸ್ಟಿ ರಸೆಲ್ ಎಂಬ ಲಿನಕ್ಸ್ ಪರಿಣತರು ಮೆಲ್ಬರ್ನ್‌ನಲ್ಲಿ ಮುಕ್ತ ತಂತ್ರಾಂಶದ ಸಮ್ಮೇಳನ ನಡೆಸಿದರು, ತಮ್ಮ ಸ್ವಂತ ಕ್ರೆಡಿಟ್ ಕಾರ್ಡ್ ನಂಬಿಕೊಂಡು. ಲೆಕ್ಕಪರಿಶೋಧಕನಾಗಿ ನಾನು ಯಾರಿಗೂ ಕೊಡದ ಸಲಹೆ ಅದು! ಅಲ್ಲಿಂದ ಬೆಳೆದ ಸಮ್ಮೇಳನ 2002ರಲ್ಲಿ ಬ್ರಿಸ್ಬೇನ್‌ಗೆ, 2003ರಲ್ಲಿ ಪರ್ತ್‌ಗೆ, 2004ರಲ್ಲಿ ಅಡಿಲೇಡ್‌ಗೆ ಬಂತು. ನಮ್ಮ ಮೂರೂ ಊರು, ಸಾಲಾಗಿ ಮೂರು ವರ್ಷ. ಪ್ರತಿ ವರ್ಷ ಹೊಸ ಊರು, ಹೊಸ ತಂಡ; ಹಿಂದೆ ನಿಂತು ಹೊಣೆ ಹೊರಲು ಲಿನಕ್ಸ್ ಆಸ್ಟ್ರೇಲಿಯಾ ಎಂಬ ಸಂಸ್ಥೆ. 2011ರ ಜನವರಿ ಪ್ರವಾಹ ನಿಮಗೆ ನೆನಪಿದೆ. ಸಮ್ಮೇಳನಕ್ಕೆ ಎರಡು ವಾರವೂ ಉಳಿದಿರಲಿಲ್ಲ, ನದಿಯ ಪಕ್ಕದ ಗಾರ್ಡನ್ಸ್ ಪಾಯಿಂಟ್ ಕೈಬಿಟ್ಟಿತು. ತಂಡ ಕೆಲ್ವಿನ್ ಗ್ರೋವ್‌ಗೆ ಗುಳೆ ಹೋಗಿ, ಹೇಳಿದ ದಿನಕ್ಕೇ ಸಮ್ಮೇಳನ ಆರಂಭಿಸಿತು. ಆ ಪರಂಪರೆ 2023ರಿಂದ ಎವೆರಿಥಿಂಗ್ ಓಪನ್ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಒಬ್ಬರು ಮೇಲು, ಇನ್ನೊಬ್ಬರು ಕೀಳು ಎಂದು ನಾನು ಹೇಳುತ್ತಿಲ್ಲ. ಎರಡೂ ಕಡೆ ಮೊದಲು ಒಬ್ಬ ಮನುಷ್ಯ ತನ್ನನ್ನೇ ಒತ್ತೆ ಇಟ್ಟಿದ್ದಾನೆ. ಹಾಗೆ ಇಡುವವರಿಲ್ಲದೆ ಯಾವುದೂ ಹುಟ್ಟುವುದಿಲ್ಲ. ಆದರೆ ಒಂದು ಕಡೆ ಹೊಣೆ ಪ್ರತಿ ವರ್ಷ ಕೈ ಬದಲಿಸಿತು. ಬೆಂಗಳೂರಿನಲ್ಲೂ ಬೀಜ ಸಾಯಲಿಲ್ಲ. ಇಂಡಿಯಾಫಾಸ್ ಎಂಬ ಬೇರೊಂದು ಸಮ್ಮೇಳನ ಈಗ ನಡೆಯುತ್ತಿದೆ. 2024ರಲ್ಲಿ ಅದು ಸೇರಿದ್ದು ಅದೇ ನಿಮ್ಹಾನ್ಸ್ ಸಭಾಭವನದಲ್ಲಿ. ಆದರೂ ನಡುವೆ ಎಷ್ಟೋ ವರ್ಷ ಉರುಳಿತ್ತು.

ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ. ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಸ್ವಯಂಸೇವಕರ ದುಡಿಮೆಯನ್ನು ನಮ್ಮಂಥ ಸಂಘಗಳು ಬೇಕಿದ್ದರೆ ತೋರಿಸಬಹುದು, ಕಡ್ಡಾಯವಲ್ಲ. ಹಾಗಾಗಿ ಬಹುತೇಕ ಯಾರೂ ತೋರಿಸುವುದಿಲ್ಲ. ಆಡಿಟರ್ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ಸಂಸ್ಥೆ ಮುಂದಿನ ವರ್ಷ ನಡೆದುಕೊಂಡು ಹೋಗುತ್ತದೆಯೇ? ಕಾಣದ ಆಸ್ತಿಯೆಲ್ಲ ಒಬ್ಬರ ಎದೆಯಲ್ಲಿದ್ದರೆ, ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದರೂ ಆ ಪ್ರಶ್ನೆಗೆ ಉತ್ತರ ಕಷ್ಟ.

ನಮ್ಮ ಕೂಟದ ಹಿರಿಯರೊಬ್ಬರು ಎರಡು ವರ್ಷದ ಹಿಂದೆ ಹೋಗಿಬಿಟ್ಟರು. ಹೆಸರು ಹೇಳಬೇಕಾಗಿಲ್ಲ, ನಿಮ್ಮ ಕಣ್ಣುಗಳೇ ಹೇಳುತ್ತಿವೆ. ಮಣ್ಣು ಮಾಡಿ ಬಂದ ವಾರ ನಮಗೆ ತಿಳಿದದ್ದೇನು? ರಾಜ್ಯೋತ್ಸವಕ್ಕೆ ಸಭಾಂಗಣ ಕಾದಿರಿಸಿದ ಪತ್ರ ಅವರ ಮಿಂಚಂಚೆಯಲ್ಲಿತ್ತು. ಅಡುಗೆಯವರ ನಂಬರು ಅವರ ಫೋನಿನಲ್ಲಿತ್ತು. ಹಾರ್ಮೋನಿಯಂ ಯಾರ ಗ್ಯಾರೇಜಿನಲ್ಲಿದೆ ಎಂಬುದು ಅವರ ತಲೆಯಲ್ಲಿತ್ತು. ಅವರ ಪತ್ನಿ ಆ ದುಃಖದಲ್ಲೂ ಫೋನು ತೆರೆದುಕೊಟ್ಟು, ಒಂದೊಂದಾಗಿ ನಮಗೆ ಹೇಳಬೇಕಾಯಿತು. ಅವತ್ತು ನನಗಾದ ನಾಚಿಕೆ ಇನ್ನೂ ಹೋಗಿಲ್ಲ. ನಾವು ಅವರನ್ನು ಪ್ರೀತಿಸಿದ್ದೆವು, ನಿಜ. ಆದರೆ ಆ ಪ್ರೀತಿಯ ಹೆಸರಿನಲ್ಲಿ ಎಲ್ಲ ಭಾರವನ್ನೂ ಅವರ ಮೇಲೇ ಬಿಟ್ಟಿದ್ದೆವು.

ಈಗ ನನ್ನ ತಪ್ಪೊಪ್ಪಿಗೆ. ಒಂಬತ್ತು ವರ್ಷದಿಂದ ನಿಮ್ಮ ಲೆಕ್ಕ ನನ್ನೊಬ್ಬನ ಲ್ಯಾಪ್‌ಟಾಪ್‌ನಲ್ಲಿದೆ. ಪ್ರತಿ ವರ್ಷ ನೀವು ಚಪ್ಪಾಳೆ ತಟ್ಟುತ್ತೀರಿ, ನಾನು ಖುಷಿಯಿಂದ ಮತ್ತೊಂದು ವರ್ಷ ಇಟ್ಟುಕೊಳ್ಳುತ್ತೇನೆ. ಇಂದು ಮಧ್ಯಾಹ್ನದ ಊಟದ ನಂತರ ಆ ಪುಸ್ತಕಗಳನ್ನು ಅಡಿಲೇಡ್‌ನಿಂದ ಬಂದಿರುವ ಇಬ್ಬರು ಕಿರಿಯರಿಗೆ ಒಪ್ಪಿಸುತ್ತಿದ್ದೇನೆ. ಒಂದು ವರ್ಷ ಅವರ ಪಕ್ಕದಲ್ಲಿ ಕುಳಿತಿರುತ್ತೇನೆ, ಆಮೇಲೆ ಹಿಂದಿನ ಸಾಲಿನಲ್ಲಿ. ಅವರು ತಪ್ಪು ಮಾಡುತ್ತಾರೆ. ನಾನೂ ಮೊದಲ ವರ್ಷ ಮಾಡಿದ್ದೆ.

ಅತುಲ್ ಅವರನ್ನು ನಾನು ಎಂದೂ ಮಾತನಾಡಿಸಿದವನಲ್ಲ. ಹಿಂದಿನ ಸಾಲಿನಲ್ಲಿ ಕುಳಿತು, ಅವರ ಜನ ದುಡಿಯುವುದನ್ನು ನೋಡಿದವನು, ಅಷ್ಟೆ. ಕೊಡುವವರಾಗಿ ಎಂದ ಅವರಿಗೆ ಲೆಕ್ಕದವನೊಬ್ಬ ಇಷ್ಟು ತಡವಾಗಿ ಕೊಡಬಹುದಾದದ್ದು ಈ ಬೀಗದ ಕೈಗೊಂಚಲು ಮಾತ್ರ. ನಿಮ್ಮಲ್ಲಿ ಯಾರ ಜೇಬಿನಲ್ಲಿ ಇನ್ನೊಂದು ಗೊಂಚಲಿದೆಯೋ, ಊಟದ ಹೊತ್ತಿನಲ್ಲಿ ಸಿಗಿ, ಮಾತಾಡೋಣ.